ಪೆಟ್ಟಿಗೆಯ ಪಕ್ಕದ ಸಣ್ಣ ಅಕ್ಷರ

ಮಾರ್ಚ್ 4, ಮಂಗಳವಾರ

ಮೂರನೇ ಪೆಟ್ಟಿಗೆಗೆ ಕಂದು ಬಣ್ಣದ ಎರಡನೇ ಕೋಟ್. ಮೂಲೆಯಲ್ಲಿ ಜಿಡ್ಡಿನ ಕಲೆ ಚೆನ್ನಾಗಿ ಬಂತು. ಶಿಲ್ಪಿ ರೆನ್ಸೋ ಗಟ್ಟಿ ಮರ ಕೆತ್ತಿ ಕೊಡುತ್ತಾನೆ; ನಾನು ಅದನ್ನು ಅಂಗಡಿಯ ರಟ್ಟಿನ ಪೆಟ್ಟಿಗೆಯಂತೆ ಕಾಣಿಸಬೇಕು — ಎಣ್ಣೆ, ನೂಡಲ್ಸ್, ಡಬ್ಬಿ ಹಾಲು. ಒಟ್ಟು ಏಳು. ಮ್ಯೂಸಿಯಂನಲ್ಲಿ ಇಡುತ್ತಾರೆ. ಕೊಳ್ಳುವ ಚಪಲದ ಬಗ್ಗೆ ಕಲೆಯಂತೆ. ಇರಲಿ. ಮೂವತ್ತು ವರ್ಷ ಲಿಮಾದ ಸುರ್ಕಿಯೋ ಬಡಾವಣೆಯ ಅಂಗಡಿಗಳಿಗೆ ಬೋರ್ಡು ಬರೆದ ಕೈ, ಫ್ಲೆಕ್ಸ್ ಬಂದ ಮೇಲೆ ಸುಮ್ಮನೆ ಕೂತಿತ್ತು. ಕೆಲಸ ಸಿಕ್ಕಿತಲ್ಲ.

ಮಾರ್ಚ್ 9

ಎಣ್ಣೆ ಪೆಟ್ಟಿಗೆ ಒಣಗಲೆಂದು ಬಾಗಿಲ ಹೊರಗಿಟ್ಟಿದ್ದೆ. ರದ್ದಿ ಆಯುವ ಅಬುಂಡಿಯೋ ಖಾಲಿ ರಟ್ಟೆಂದು ಒಂದೇ ಕೈಯಲ್ಲಿ ಎತ್ತಲು ಹೋದ. ಬಾಗಿದವನು ಬಾಗಿದಂತೆಯೇ ನಿಂತ.

"ಏನ್ ತಾಯಿ, ಕಲ್ಲು ತುಂಬಿಟ್ಟಿದೀರಾ?"

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ರೆನ್ಸೋಗೆ ಹೇಳಿದರೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದಕ್ಕಿಂತ ದೊಡ್ಡ ವಿಮರ್ಶೆ ಬೇಡವಂತೆ.

ಮಾರ್ಚ್ 15

ಮ್ಯೂಸಿಯಂ ಗೋಡೆಗೆ ಹಚ್ಚುವ, ಕಲಾವಿದರ ಹೆಸರಿನ ಕಾರ್ಡನ್ನು ರೆನ್ಸೋ ತಂದು ತೋರಿಸಿದ. ಅದರಲ್ಲಿ: ರೆನ್ಸೋ ಬಲರೆಸೋ. ಅಷ್ಟೇ. ನನ್ನ ಹೆಸರಿಲ್ಲ... ಕೇಳಲು ನಾಲಿಗೆ ಏಳಲಿಲ್ಲ. ಕೆಟ್ಟವನಲ್ಲ, ದಿನಾ ಬೆಳಿಗ್ಗೆ ನನಗೆಂದು ಬಿಸಿ ಕಷಾಯ ತರುತ್ತಾನೆ. ಹೊಳೆದಿಲ್ಲ, ಅಷ್ಟೇ. ತಂಗಿ ಫಿಡೆಲಾ ಬಾಯಿಬಿಟ್ಟು ಕೇಳು ಎಂದಳು. ಬೋರ್ಡುಗಳ ಮೇಲೂ ನನ್ನ ಹೆಸರಿರಲಿಲ್ಲ ಎಂದೆ. ಅಂದೆ, ಆದರೆ ಒಪ್ಪಿ ಅಂದದ್ದಲ್ಲ.

ಮಾರ್ಚ್ 17

ಕೊನೆಗೆ ಉಳಿದದ್ದು ಪಕ್ಕದ ಸಣ್ಣ ಅಕ್ಷರ. ಕಾರ್ಖಾನೆಯ ವಿಳಾಸ ಇರುವ ಜಾಗ. ಇಲ್ಲದ ಕಂಪನಿಗೆ ಎಲ್ಲಿಯ ಕಾರ್ಖಾನೆ? ಸೊಳ್ಳೆ ಕಾಲಿನಷ್ಟು ಸಣ್ಣದಾಗಿ ನನ್ನ ಹೆಸರನ್ನೇ ಬರೆದೆ: ತಯಾರಕರು ನೆಮೆಸಿಯಾ ಯುಪಾರಿ, ಸುರ್ಕಿಯೋ, ಲಿಮಾ. ತೇವದಿಂದ ದೂರವಿಡಿ. ಏಳರ ಮೇಲೂ. ರೆನ್ಸೋ ಪ್ರತಿಯೊಂದನ್ನೂ ಸವರಿ ನೋಡಿದ, ಸೊಗಸು ಎಂದ. ಓದಲಿಲ್ಲ. ಪೆಟ್ಟಿಗೆಯ ಪಕ್ಕದ ಅಕ್ಷರ ಯಾರು ಓದುತ್ತಾರೆ.

ಮಾರ್ಚ್ 29, ಶನಿವಾರ, ಸಂಜೆ 7

ಉದ್ಘಾಟನೆಯಿಂದ ಈಗ ಬಂದೆ.

ಯಾರು ಓದುತ್ತಾರೆ ಎಂದಿದ್ದೆ. ಫಿಡೆಲಾ ಓದುತ್ತಾಳೆ! ಅಂಗಡಿಯಲ್ಲಿ ಉಪ್ಪೆಷ್ಟು, ಸಕ್ಕರೆಯೆಷ್ಟು, ತಾರೀಖು ಮುಗಿದಿದೆಯಾ ಎಂದು ನೋಡದೆ ಬುಟ್ಟಿಗೆ ಹಾಕುವವಳಲ್ಲ. ಕನ್ನಡಕ ಏರಿಸಿ ಹಾಲಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ಮುಟ್ಟಬಾರದೆಂದು ಕಾವಲುಗಾರ ಓಡಿ ಬಂದ. ಮುಟ್ಟುತ್ತಿಲ್ಲ, ಓದುತ್ತಿದ್ದೇನೆ ಎಂದು ಅವನಿಗೆ ಹೇಳಿ, ನನ್ನ ಹೆಸರನ್ನು ಇಡೀ ಹಾಲ್‌ಗೆ ಕೇಳುವಂತೆ ಓದಿದಳು. ಪಕ್ಕದ ಹೆಂಗಸು ಬಗ್ಗಿದಳು. ಇನ್ನೊಬ್ಬರು. ನೋಡನೋಡುತ್ತ ಸೂಟು ಹಾಕಿದವರೆಲ್ಲ ನೆಲಕ್ಕೆ ಕೂತು ಪೆಟ್ಟಿಗೆ ಓದುತ್ತಿದ್ದಾರೆ.

ರೆನ್ಸೋನೂ ಕೂತ. ಓದಿದ. ಕಿವಿ ಕೆಂಪಾಯಿತು.

"ಎಲ್ಲಾದರ ಮೇಲೂ ಇದೆಯಾ, ಮೇಸ್ತ್ರಿ?"

"ಏಳರ ಮೇಲೂ."

ಆ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ಮೆಲ್ಲಗೆ, "ನಾನ್ ಬರೀಬೇಕಿತ್ತು. ನೀವೇ ಬರ್ಕೊಳೋ ಹಾಗ್ ಮಾಡಿಬಿಟ್ಟೆ."

ಎದ್ದು ಹೋಗಿ ಗೋಡೆಯ ಕಾರ್ಡನ್ನು ಕಿತ್ತ.

ಏಪ್ರಿಲ್ 1

ಕಾರ್ಡಿಲ್ಲ ಇನ್ನು. ಗೋಡೆಯ ಮೇಲೇ ಕುಂಚದಲ್ಲಿ ಎರಡು ಹೆಸರು, ನನ್ನ ಕೈಯಿಂದಲೇ. ಯಾರದು ಮೊದಲು ಎಂದೆ. ದೊಡ್ಡವರದು ಎಂದ ರೆನ್ಸೋ. ಏಣಿ ಹಿಡಿದು ನಿಂತ.

ಊರಿನವರ ಹೆಸರೆಲ್ಲ ಆಳೆತ್ತರ ಬರೆದಿದ್ದೇನೆ. ನನ್ನದನ್ನು ಗೇಣುದ್ದ ಬರೆಯಲು ಇಷ್ಟು ಹೊತ್ತೇ? ಮೊದಲಕ್ಷರ ಮೂರು ಸಲ ಒರೆಸಿದೆ. ನಾಲ್ಕನೆಯದು ನಿಂತಿತು. 'ನೆಮೆಸಿಯಾ' ಮುಗಿಯುವಷ್ಟರಲ್ಲಿ ಮ್ಯೂಸಿಯಂ ಮುಚ್ಚುವ ಹೊತ್ತು. ಹಳದಿ, ಅಂಚಿಗೆ ಕೆಂಪು. ಕಾವಲುಗಾರ ಬಂದು, ದೂರ ನಿಂತು, ಬಾಯಿಬಿಟ್ಟು ಓದಿದ.

ನಾಳೆ 'ಯುಪಾರಿ'. ಅದಕ್ಕೆ ನೆರಳು ಹಾಕುವುದೋ ಬೇಡವೋ... ಹಾಕುತ್ತೇನೆ. ನೀಲಿ ನೆರಳು, ದಪ್ಪಗೆ, ಬಾಗಿಲಿನಿಂದಲೇ ಕಾಣುವ ಹಾಗೆ —