ಕೂಗೋ ಹಾಗಿಲ್ಲದ ಜಾಗ

ನವೆಂಬರ್ 17, ಭಾನುವಾರ

ಅಪ್ಪ ಬೇಕಂತಲೇ ಆ ಜಾಗ ಆರಿಸಿಕೊಂಡರು. ಇದೊಂದು ತಲೆಯಿಂದ ಹೋಗ್ತಾನೇ ಇಲ್ಲ.

ಮಧ್ಯಾಹ್ನ ಹಾಸ್ಟೆಲಿಗೆ ಬಂದು, "ನಡಿ ಪುಟ್ಟಿ, ಪಕ್ಷಿಧಾಮಕ್ಕೆ ಹೋಗೋಣ, ಬಾತುಗಳು ಬಂದಿವೆಯಂತೆ" ಅಂದಾಗ ನಾನು, ಪೆದ್ದಿ, ಕುಣಿದುಬಿಟ್ಟೆ. ಒಂದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಇದ್ದೀನಿ, ಈಗ ಕಾಲೇಜಿಗೂ ಅದೇ. ಅಪ್ಪ ತಾವಾಗಿ ಬಂದು ಕರೆದಿದ್ದು ಇದೇ ಫಸ್ಟ್.

ಕೆರೆಯಂಚಿನಲ್ಲಿ, ಮರೆಯಲ್ಲಿ ಕೂತು ಹಕ್ಕಿ ನೋಡೋಕೆ ಕಟ್ಟಿರೋ ಹಲಗೆ ಗೂಡಿನಲ್ಲಿ ಕೂತೆವು. ಅಲ್ಲಿ ಪಿಸುಮಾತು ಬಿಟ್ಟು ಬೇರೆ ಮಾತಿಲ್ಲ, ಹಕ್ಕಿಗಳು ಹೆದರುತ್ತವೆ. ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಆಂಟಿಯೊಬ್ಬರಿದ್ದರು. ನಾನು ಬೈನಾಕ್ಯುಲರ್‌ನಲ್ಲಿ ಒಂದು ಮಿಂಚುಳ್ಳಿ ನೋಡ್ತಿದ್ದೆ. ಅಪ್ಪ ಕಿವಿ ಹತ್ತಿರ ಬಾಗಿ, "ನಾನೂ ಅಮ್ಮನೂ ಬೇರೆ ಆಗ್ತಿದ್ದೀವಿ. ಮನೆ ಮಾರಿದ್ದಾಯ್ತು" ಅಂದರು.

"ಏನಂದ್ರಿ?" ಅಂತ ಕಿರುಚಿದೆ. ಬಾತುಗಳೆಲ್ಲ ಒಟ್ಟಿಗೆ ಎದ್ದವು.

"ಅಯ್ಯೋ, ಮೆಲ್ಲಗೆ ಮಾತಾಡಮ್ಮ!" ಆಂಟಿ ಗದರಿದರು. ಅಪ್ಪ ತಕ್ಷಣ ಸಾರಿ ಕೇಳಿದರು. ಅವರಿಗೆ. ನನಗಲ್ಲ.

ಆಮೇಲೆ ಪಿಸುಮಾತಲ್ಲೇ ಜಗಳ. ಹಾಗೆ ಜಗಳ ಆಡಿದರೆ ಸಿಟ್ಟು ಪೂರ್ತಿ ಹೊರಗೆ ಬರೋದೇ ಇಲ್ಲ.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ನಿಂಗೆ ಎಕ್ಸಾಮ್ ಇತ್ತಲ್ಲ ಪುಟ್ಟಿ, ಡಿಸ್ಟರ್ಬ್ ಆಗಬಾರದು ಅಂತ..."

"ಸರಿ, ರಜೆಗೆ ಎಲ್ಲಿಗೆ ಬರಲಿ?"

ಜಾಗ, ಹೊತ್ತು, ಮಾತು ಎಲ್ಲಾ ಪ್ಲಾನ್ ಮಾಡಿದ್ದ ಮನುಷ್ಯ ಇದೊಂದನ್ನ ಯೋಚಿಸಿಯೇ ಇರಲಿಲ್ಲ. ನನ್ನ ಕೈಯಿಂದ ಬೈನಾಕ್ಯುಲರ್ ತಗೊಂಡು ಅದರ ಗಾಜು ಒರೆಸಿದರು. ಕೊನೆಗೆ, "ಹಾಸ್ಟೆಲ್ ರಜೆಯಲ್ಲೂ ತೆರೆದಿರುತ್ತೆ ಅಲ್ವಾ?" ಅಂದರು.

ನಾಳೆ ವಾರ್ಡನ್‌ನ ಕೇಳಬೇಕು. "ಯಾಕಮ್ಮ, ಮನೆಗೆ ಹೋಗಲ್ವಾ?" ಅಂತ ಕೇಳೇ ಕೇಳ್ತಾರೆ. ಆಗ ನಾನೂ ಅಪ್ಪನ ಹಾಗೇ ಅವರ ಕಿವಿ ಹತ್ತಿರ ಬಾಗಿ, "ಮನೆ ಮಾರಿದ್ದಾಯ್ತು" ಅಂತ ಪಿಸುಗುಡಬೇಕಷ್ಟೇ.