ಒಡಪಿನ ಕೆಳಗಿನ ಹೆಸರು

ತಿಳವಳ್ಳಿ, ತಾಲೂಕು ಹಾನಗಲ್ಲ
ತಾ. ೧೪ ನವಂಬರ ೧೯೩೮

ಪ್ರೀತಿಯ ಮಗಾ ಶಿದ್ಲಿಂಗಾ,

ಮುಂಬಯಿ ನೀರು ಮೈಗೆ ಹತ್ತಿತೋ ಇಲ್ಲೋ? ಕೆಮ್ಮು ಹ್ಯಾಂಗೈತಿ? ಖಾನಾವಳಿ ಊಟಾ ಉಂಡು ಹೊಟ್ಟಿ ಕೆಡಿಸಿಕೋಬ್ಯಾಡ. ನಿನ್ನ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಟ್ಟಾಳ, ಆ ಕಡೆ ಯಾರರ ಹೊಂಟರ ಕಳಸ್ತೇನಿ. ನಾವೆಲ್ಲಾ ಆರಾಮ ಇದ್ದೇವಿ. ಭತ್ತದ ಸುಗ್ಗಿ ನಡದೈತಿ, ಆಳು ಸಿಗವಲ್ರು.

ಒಡಪಿನ ಮ್ಯಾಲ ಬರದ ನಿನ್ನ ಎಮ್.ಎ. ಪ್ರಬಂಧದ ಹಾಳಿ ಮುಟ್ಟಿದವು. ಅಚ್ಚಿಗೆ ಹೋಗೂ ಮೊದಲ ಹೆಸರು ಸರಿ ಅದಾವೋ ಇಲ್ಲೋ ನೋಡ್ರಿ ಅಂತ ಬರದಿ, ನೋಡಿದ್ನಿ. ನೋಡಿ ತಲಿ ಕೆಟ್ಟು ಮೊಸರಾಗೇತಿ. ಮಂದಿ ಮಾತು ತಗೊಂಡರ ಅದರ ಕೆಳಗ ಅವರ ಹೆಸರು ಬರೀಬೇಕು, ಇಲ್ಲಾಂದ್ರ ಕಳವು ಮಾಡಿಧಂಗ ಅಂತ ನಿಮ್ಮ ಇಂಗ್ಲೀಷ ಸಾಹೇಬರು ಹೇಳ್ಯಾರಂತಲ್ಲ, ಅದು ನ್ಯಾಯದ ಮಾತ. ಆದರ ಒಂದು ಒಡಪಿನ ಕೆಳಗ 'ಕವಿ: ಕರಬಸಪ್ಪ, ತಿಳವಳ್ಳಿ' ಅಂತ ಐತೆಲ್ಲೋ! ಕಾಳಿನ ಅಂಗಡಿ ಇಟ್ಟಾಂವ ನಾನು, ಯಾವಾಗ ಕವಿ ಆದ್ನಿ? ಅದನ್ನ ಕಟ್ಟಿದಾಕಿ ನಿನ್ನ ಅವ್ವ:

ಕಲ್ಲಾಗ ಸಕ್ಕರಿ ಹುಡುಕಿದರ ಸಿಗೂದಿಲ್ಲ,
ಕರಬಸಪ್ಪನೋರ ಸಿಟ್ಟು ಸಂಜಿತನಕ ಇರೂದಿಲ್ಲ.

ನನ್ನ ಸಿಟ್ಟಿನ ಸುದ್ದಿ ನಾನ ಕಟ್ಟಿಕೊಂಡು ಹೇಳ್ತೇನೇನೋ? ಗಂಡನ ಹೆಸರು ಬಾಯಾಗ ತರಬಾರದು. ಮದುವಿ, ಸೀಮಂತದಾಗ ಹೆಣ್ಣುಮಕ್ಕಳು ಬಾಗಲಾ ಹಿಡದು, ಹೆಸರು ಹೇಳಿ ಒಳಗ ಬಾ ಅಂದಾಗಷ್ಟ ಎರಡು ಸಾಲು ಕಟ್ಟಿ ಅದರ ನಡುವ ಗಂಡನ ಹೆಸರು ಸೇರಿಸಿ ಹೇಳಬೇಕು. ಇದು ನಿನಗ ಗೊತ್ತಿಲ್ಲದ್ದಲ್ಲ, ಕೆಳಗಿನ ಹೆಸರು ಸಾಹೇಬರ ಹಾಕಿಸಿರಬೇಕು. ಹೆಸರು ಕಂಡಕೂಡ್ಲೆ ಕವಿಯ ಅಂಕಿತ ಅಂತ ತಿಳದರೇನು ನಿಮ್ಮ ಸಾಹೇಬರು? ಹಂಗಾರ ದೇವರ ಪದದಾಗ ದೇವರ ಕವಿ ಆಗ್ತಾನೇನು? ನಿನ್ನ ಅವ್ವನ್ನ ಕೇಳಿದರ, ಸಕ್ಕರಿ ಸಾಲು ನಮ್ಮವ್ವಂದ್ರಿ, ಸಿಟ್ಟಿನ ಸಾಲು ನಂದು ಅಂದ್ಲು. ಹಂಗಿದ್ದರ ಸಾಲಿಗೊಂದು ಹೆಸರು ಬರೀಬೇಕೋ ಏನೋ, ಶಿವನ ಬಲ್ಲ. ನಿನ್ನ ಹಾಳಿ ಅಂಗಡ್ಯಾಗ ಕುಂತು ಓದಿದ್ದ ತಪ್ಪಾತು. ಮಗ್ಗಲ ಅಂಗಡಿ ದರ್ಜಿ ಬಾಬಾಜಾನ ಈಗ ನನ್ನ ಕಂಡಕೂಡ್ಲೆ, ಕವಿಗಳು ಬಂದ್ರು ಜಾಗಾ ಬಿಡ್ರಿ ಅಂತಾನ.

ನಗಿಯಾಟಿಕಿ ಇರಲಿ. ನಾಕನೇ ಹಾಳ್ಯಾಗ ನಿನ್ನ ಅಕ್ಕನ ಒಡಪು ಐತಿ. ಹಿರೇಕೆರೂರಾಗ ಸೊಸಿಯಾಗಿ ಹೊಸ್ತಿಲಾ ದಾಟೂವಾಗ ಅಕಿ ಹೇಳಿದ್ದು:

ಗದ್ದ್ಯಾಗ ಭತ್ತ, ಭತ್ತದಾಗ ಹಾಲು,
ಪರಮೇಶಪ್ಪನೋರ ಮನ್ಯಾಗ ನನಗೂ ಒಂದು ಪಾಲು.

ಅದರ ಕೆಳಗ 'ಕವಿ: ಪರಮೇಶಪ್ಪ, ಹಿರೇಕೆರೂರ' ಅಂತ ಐತಿ. ಅಳಿಯಾನ ಮ್ಯಾಲ ನನಗೇನೂ ಸಿಟ್ಟಿಲ್ಲ. ಹೆರಿಗ್ಯಾಗ ಅಕಿ ಹೋದಳು, ಕೂಸೂ ಉಳೀಲಿಲ್ಲ, ಆಂವ ಮತ್ತೊಂದು ಮದುವಿ ಆದ. ಹರೇದಾಂವ, ಇನ್ನೇನು ಮಾಡ್ಯಾನು? ಆದರ ನಾ ಅದನ್ನ ಮನ್ಯಾಗ ಓದಿದಾಗ ನಿನ್ನ ಅವ್ವ ರೊಟ್ಟಿ ಬಡಿಯೂದು ಬಿಟ್ಟು ಕುಂತಳು. "ಮಾತು ಅಕೀದು, ಹೆಸರು ಅಳ್ಯಾಂದು ಹ್ಯಾಂಗಾತರಿ?" ಅಂದ್ಲು. ಅವತ್ತ ಇಬ್ಬರೂ ಉಣಲಿಲ್ಲ.

ಈಗ ನನಗ ದಾರಿ ತಿಳೀವಲ್ದು. ತಪ್ಪ ಐತ್ರಿ ಅಂತ ನೀ ಎದುರು ಆಡಿದರ ಸಾಹೇಬರು ಸಿಟ್ಟಾಗಿ ನಿನ್ನ ಎಮ್.ಎ. ಕೆಡಿಸಿದರ ಏನು ಗತಿ? ಗುರುವಿಗೆ ಎದುರು ಆಡು ಅಂತ ಅಪ್ಪನ ಹೇಳಬಾರದು. ಸುಮ್ಮನಿರು ಅನ್ನಾಕೂ ಬಾಯಿ ಬರವಲ್ದು. ಬರದದ್ದನ್ನ ಎರಡು ಸಲ ಹರದು ಒಗದೇನಿ. ನೀ ಓದಿದಾಂವ, ನಿನಗ ಹ್ಯಾಂಗ ಕಾಣ್ತೈತೋ ಹಂಗ ಮಾಡು. ಮೈ ಕಡೆ ಲಕ್ಷ್ಯ ಇರಲಿ. ಶಿವ ನಿನ್ನ ಬೆನ್ನಿಗಿರಲಿ, ನಿನ್ನ ವಿದ್ಯೆ ನಿನ್ನ ಕೈ ಹಿಡೀಲಿ.

ನಿನ್ನ ಅಪ್ಪ,
ಕರಬಸಪ್ಪ

ತಾ.ಕ.: ಟಪಾಲಿನಾಂವ ಬಾಗಲದಾಗ ನಿಂತಾನ. ಲಕೋಟಿ ಅಂಟಸಾಕ ಹೋದರ, ಹಿಂಗ ಕಳಸಬ್ಯಾಡ್ರಿ ಅಂತ ನಿನ್ನ ಅವ್ವ ಕೈ ಹಿಡದ್ಲು. ಮ್ಯಾಲ ನಾ ಬರದದ್ದು ಬಿಡು, ತಪ್ಪ ಐತ್ರಿ ಅಂತ ಸಾಹೇಬರಿಗೆ ಹೇಳು. ಸಿಟ್ಟಾದರ ಆಗಲಿ. ನಾ ಕವಿ ಆಗಿ ಉಳದರೂ ಅಡ್ಡಿಯಿಲ್ಲ. ನಿನ್ನ ಅಕ್ಕನ ಒಡಪಿನ ಕೆಳಗ ಮಾತ್ರ ಹಿಂಗ ಬರೀ: ಕಟ್ಟಿ ಹೇಳಿದಾಕಿ ಸರೋಜವ್ವ, ತಿಳವಳ್ಳಿ. ಅಕ್ಷರ ಸರಿ ಬಂದಾವೋ ಇಲ್ಲೋ ನೀನ ನೋಡಿಕೋ. ಮಗಳ ಹೆಸರು ಬಾಯಿತುಂಬ ಕರದಿದ್ನಿ, ಬರದಿದ್ದು ಇದ ಮೊದಲು.