ಚಿಕ್ಕಮ್ಮನ ವಿಳಾಸ

ಅಮ್ಮಾ,

ಇವತ್ತು ವಸತಿ ಮಂಡಳಿಯ ಕಚೇರಿಗೆ ಹೋಗಿ, ನೀನಿರುವವರೆಗೂ ನಿನ್ನ ಹೆಸರಿನಲ್ಲಿದ್ದ ಬಾಡಿಗೆ ಮನೆಯನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದೆ. ಈ ವರ್ಷದಿಂದ ನಿಯಮ ಬದಲಾಗಿದೆಯಂತೆ. ಹತ್ತು ವರ್ಷ ಅಲ್ಲೇ ಇದ್ದ ದಾಖಲೆ ತೋರಿಸಿದರಷ್ಟೇ ಮಗಳಿಗೆ ಮನೆ, ಇಲ್ಲದಿದ್ದರೆ ತಿಂಗಳೊಳಗೆ ಬೀಗದ ಕೈ ಒಪ್ಪಿಸಬೇಕು. ಹೊರಗಿನ ಬಾಡಿಗೆ ನನ್ನ ಸಂಬಳವನ್ನೇ ನುಂಗಿಬಿಡುತ್ತದೆ.

ಗುಮಾಸ್ತರು ನನ್ನ ಕಾಗದಗಳನ್ನೆಲ್ಲ ತಿರುವಿ ನೋಡಿದರು. ಬ್ಯಾಂಕಿನ ಪುಸ್ತಕ, ಗುರುತಿನ ಚೀಟಿ, ಕೆಲಸದ ಪತ್ರ, ಎಲ್ಲದರಲ್ಲೂ ಚಿಕ್ಕಮ್ಮನ ವಿಳಾಸ.

"ನೀವು ಅಲ್ಲಿ ಇರ್ಲೇ ಇಲ್ವಲ್ಲ ಮೇಡಂ."

ಸಾಕ್ಷಿಗೆಂದು ಬಂದಿದ್ದ ಕೆಳಮನೆಯ ಟೈಲರಕ್ಕ ರೇಗಿದರು. "ಇರ್ಲಿಲ್ವಾ? ಹಾಸಿಗೆ ಹಿಡಿದ ಅಮ್ಮನ್ನ ಹನ್ನೆರಡು ವರ್ಷ ಎತ್ತಿ ಇಳಿಸಿದ್ದು ಯಾರು, ನಿಮ್ಮ ಮಂಡಳಿಯೋರಾ?"

"ಬಾಯಿಮಾತು ನಡಿಯಲ್ಲಕ್ಕಾ. ಇದ್ದ ಮನೆ ಬಿಟ್ಟು ಬೇರೆ ವಿಳಾಸ ಯಾಕೆ ಕೊಟ್ರು, ಅದನ್ನ ಹೇಳ್ಲಿ."

"ನಮ್ಮ ಬೀದಿಗೆ ಅಂಚೆ ಸರಿಯಾಗಿ ಬರಲ್ಲ," ಎಂದೆ.

ಅದು ನಿನ್ನ ಮಾತು. ಇಂಗ್ಲಿಷ್ ಶಾಲೆಗೆ ಸೇರಿಸುವ ದಿನ, ಚಿಕ್ಕಮ್ಮನ ವಿಳಾಸವನ್ನೇ ಬರೆಸು ಎಂದು ನಾನು ನಿನ್ನ ಕೈ ಜಗ್ಗಿದಾಗ, ಮುಖ್ಯೋಪಾಧ್ಯಾಯಿನಿಗೆ ನೀನು ಹೇಳಿದ್ದು ಅದೇ. ಬಡವರಿಗೆಂದು ಕಟ್ಟಿದ ಮಂಡಳಿಯ ಮನೆಯ ಹುಡುಗಿ ಎಂದು ಶಾಲೆಯಲ್ಲಿ ಯಾರಿಗೂ ತಿಳಿಯಬಾರದೆಂಬ ನನ್ನ ನಾಚಿಕೆಯನ್ನು ನಿನಗೆ ಹೇಳಿರಲಿಲ್ಲ. ದೊಡ್ಡವಳಾದ ಮೇಲೂ ಅದೇ ವಿಳಾಸ ಬರೆಯುತ್ತ ಬಂದೆ. ಯಾಕೆಂದು ನೀನು ಒಮ್ಮೆಯೂ ಕೇಳಲಿಲ್ಲ. ನಿನಗೆ ಗೊತ್ತಾಗಿಲ್ಲವೆಂದೇ ಇಷ್ಟು ದಿನ ನಂಬಿದ್ದೆ.

ಆದರೆ ನಮ್ಮ ಬೀದಿಗೆ ಅಂಚೆಯವನು ದಿನವೂ ಬರುತ್ತಿದ್ದನಲ್ಲ ಅಮ್ಮ. ಹಾಸಿಗೆ ಹಿಡಿಯುವವರೆಗೂ ಬಾಗಿಲು ತೆಗೆದು ಕಾಗದ ಇಸಿದುಕೊಳ್ಳುತ್ತಿದ್ದವಳು ನೀನೇ.